ಅತ್ತೆಯ ವೀಣೆ

ನಮ್ಮ ಮನೆಯ ನಡುಮನೆಯಲ್ಲಿ, ಗೋಡೆಯ ಪಕ್ಕದ ಒಂದು ಮೂಲೆಯಲ್ಲಿ, ಹಳೆಯ ಸೀರೆಯಿಂದ ಹೊಲಿದ ಗವುಸನ್ನು ತೊಟ್ಟು ಒಂದು ವೀಣೆ ಇರುತ್ತಿತ್ತು. ಅದು ನನ್ನ ಸೋದರತ್ತೆಯದು. ಸಂಜೆ ದೀಪ ಹಚ್ಚಿದ ಮೇಲೆ ಅವರು ಗವುಸನ್ನು ತೆಗೆದು ಮಡಿಸಿಟ್ಟು, ಚಾಪೆಯ ಮೇಲೆ ಕುಳಿತು, ಬಿರಡೆಗಳನ್ನು ತಿರುಗಿಸಿ ಶ್ರುತಿಯನ್ನು ಸರಿಮಾಡಿಕೊಳ್ಳುತ್ತಿದ್ದರು. ಅನಂತರ ಅರ್ಧ ಗಂಟೆಯೋ ಒಂದು ಗಂಟೆಯೋ ನುಡಿಸುತ್ತಿದ್ದರು. ಹುಡುಗರಾದ ನಾವು ಜಗಲಿಯ ಮೇಲೆ ಗಲಾಟೆ ಮಾಡುತ್ತಿದ್ದರೆ ಅವರು ಗದರಿಸುತ್ತಿರಲಿಲ್ಲ. ಇನ್ನಷ್ಟು ಮೆಲ್ಲಗೆ ನುಡಿಸುತ್ತಿದ್ದರು. ವೀಣೆಯ ದನಿ ದೊಡ್ಡದಲ್ಲ. ಅದು ಕೇಳಿಸಬೇಕಾದರೆ ನಾವೇ ಸುಮ್ಮನಾಗಬೇಕು. ಸ್ವಲ್ಪ ಹೊತ್ತಿನಲ್ಲಿ ಜಗಲಿ ತಾನಾಗಿ ನಿಶ್ಶಬ್ದವಾಗುತ್ತಿತ್ತು.

ಒಮ್ಮೆ ಅತ್ತೆ ನನ್ನನ್ನು ಹತ್ತಿರ ಕೂರಿಸಿಕೊಂಡು ವೀಣೆಯನ್ನು ಕಲಿಸಲು ತೊಡಗಿದರು. ಎಂಟು ದಿನ ಕುಳಿತೆ. ಎಡಗೈಯ ಬೆರಳ ತುದಿಗಳು ತಂತಿಯನ್ನು ಒತ್ತಿ ಒತ್ತಿ ಗೆರೆಬಿದ್ದು ನೋಯತೊಡಗಿದವು. ಒಂಬತ್ತನೆಯ ದಿನ ಆಟದ ನೆಪ ಹೇಳಿ ತಪ್ಪಿಸಿಕೊಂಡೆ. “ನೋವು ಹೋಗಿ ಬೆರಳು ಗಟ್ಟಿಯಾಗುವ ಹೊತ್ತಿಗೆ ಬಿಟ್ಟೆಯಲ್ಲೋ” ಎಂದಷ್ಟೇ ಅತ್ತೆ ಹೇಳಿದರು. ಅವರು ಮತ್ತೆ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ವೀಣೆ ಅಟ್ಟವನ್ನು ಸೇರಿತು. ನಾನು ಊರೂರು ಸುತ್ತಿ ಮೇಷ್ಟರ ಕೆಲಸ ಮಾಡಿ, ನಿವೃತ್ತನಾಗಿ ಹಳೆಯ ಮನೆಗೆ ಮರಳಿದಾಗ ಅದನ್ನು ಕೆಳಗಿಳಿಸಿದೆ. ತಂತಿಗಳಿಗೆ ತುಕ್ಕು ಹಿಡಿದಿತ್ತು. ಮೇಣವು ಒಣಗಿ ಬಿರುಕು ಬಿಟ್ಟು, ಮೆಟ್ಟಿಲುಗಳು ಅಲ್ಲಲ್ಲಿ ಕಳಚಿ ಬಿದ್ದಿದ್ದವು. ಸೋರೆಬುರುಡೆಯನ್ನು ಇಲಿ ಕಡಿದಿತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ವಿಚಾರಿಸಿಕೊಂಡು, ಸಮೀಪದ ಊರೊಂದರಲ್ಲಿದ್ದ ವೃದ್ಧ ಕುಶಲಕರ್ಮಿಯೊಬ್ಬರ ಬಳಿಗೆ ಅದನ್ನು ಕೊಂಡೊಯ್ದೆ. ಅಲ್ಲಿ ಕಳೆದ ಕೆಲವು ದಿನಗಳಲ್ಲಿ ವೀಣೆಯ ವಿಷಯವಾಗಿ ನಾನು ತಿಳಿದುಕೊಂಡುದನ್ನು ನಿಮಗೆ ಹೇಳಬೇಕೆಂದು ಈ ಪಾಠವನ್ನು ಬರೆಯುತ್ತಿದ್ದೇನೆ.

ಆ ಯಜಮಾನರು ಮೊದಲು ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಗೆಣ್ಣಿನಿಂದ ಅದರ ಕೊಡವನ್ನು ಮೆಲ್ಲಗೆ ತಟ್ಟಿದರು. ಕಿವಿಗೊಟ್ಟು ಕೇಳಿ, “ಮರ ಚೆನ್ನಾಗಿದೆ ಮೇಷ್ಟ್ರೇ, ಇನ್ನೂ ಮಾತನಾಡುತ್ತದೆ” ಎಂದರು. ವೀಣೆಯನ್ನು ಸಾಮಾನ್ಯವಾಗಿ ಹಲಸಿನ ಮರದಿಂದ ಮಾಡುತ್ತಾರೆ. ಹಲಸಿನ ಮರ ಬಲಿತಷ್ಟೂ ಚೆನ್ನು. ಅದಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ನಾದವನ್ನು ಹಿಡಿದಿಟ್ಟು ಬೆಳೆಸುವ ಗುಣವೂ ಅದಕ್ಕುಂಟು. ಚೆನ್ನಾಗಿ ಒಣಗಿದ ತುಂಡಿನ ಒಳಭಾಗವನ್ನು ಉಳಿಯಿಂದ ಕೊರೆದು ಬರಿದುಮಾಡಿ ಕೊಡವನ್ನು ಸಿದ್ಧಪಡಿಸುತ್ತಾರೆ. ಅದರ ಗೋಡೆ ಎಲ್ಲೆಡೆಯೂ ಹದವಾದ ದಪ್ಪಕ್ಕೆ ಬರಬೇಕು. ದಪ್ಪ ಹೆಚ್ಚಾದರೆ ದನಿ ಮಂಕಾಗುತ್ತದೆ. ತೀರ ತೆಳುವಾದರೆ ಮರ ನಿಲ್ಲುವುದಿಲ್ಲ. ಕೊಡಕ್ಕೆ ಉದ್ದನೆಯ ಟೊಳ್ಳಾದ ದಂಡಿಯೂ, ದಂಡಿಯ ತುದಿಗೆ ಕೆಳಮುಖವಾಗಿ ಬಾಗಿದ ಯಾಳಿಯ ಮುಖವೂ ಸೇರುತ್ತವೆ. ಈ ಮೂರನ್ನೂ ಬೇರೆ ಬೇರೆಯಾಗಿ ಮಾಡಿ ಜೋಡಿಸುವುದು ವಾಡಿಕೆ. ಇಡೀ ವೀಣೆಯನ್ನು ಒಂದೇ ದಿಮ್ಮಿಯಿಂದ ಕೊರೆದು ತೆಗೆದರೆ ಅದನ್ನು ‘ಏಕಾಂಡ ವೀಣೆ’ ಎನ್ನುತ್ತಾರೆ. ಯಾಳಿಯ ಸಮೀಪದಲ್ಲಿ ದಂಡಿಯ ಕೆಳಗೆ ಒಂದು ಬುರುಡೆ ಇರುತ್ತದೆ. ಹಿಂದೆ ಅದು ಒಣಗಿದ ಸೋರೆಯದೇ ಆಗಿರುತ್ತಿತ್ತು. ಈಗ ಕಾಗದದ ತಿರುಳಿನಿಂದಲೂ ಫೈಬರಿನಿಂದಲೂ ಅದನ್ನು ಮಾಡುವುದುಂಟು. ವೈಣಿಕನು ಚಕ್ಕಳಮಕ್ಕಳ ಹಾಕಿ ಕುಳಿತಾಗ ಕೊಡವು ಅವನ ಬಲಗಡೆ ನೆಲದ ಮೇಲೂ, ಬುರುಡೆಯು ಎಡತೊಡೆಯ ಮೇಲೂ ನಿಲ್ಲುತ್ತವೆ.

ವೀಣೆಗೆ ಏಳು ತಂತಿಗಳು. ಅವುಗಳಲ್ಲಿ ನಾಲ್ಕು ಮೆಟ್ಟಿಲುಗಳ ಮೇಲೆ ಹಾದುಹೋಗುತ್ತವೆ. ರಾಗವನ್ನು ನುಡಿಸುವುದು ಇವುಗಳಲ್ಲಿಯೇ. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬುವು ಅವುಗಳ ಹೆಸರುಗಳು. ಇವು ಕ್ರಮವಾಗಿ ಷಡ್ಜ, ಕೆಳಗಿನ ಪಂಚಮ, ಕೆಳಗಿನ ಷಡ್ಜ, ಅದಕ್ಕೂ ಕೆಳಗಿನ ಪಂಚಮಗಳಿಗೆ ಶ್ರುತಿಗೊಂಡಿರುತ್ತವೆ. ಉಳಿದ ಮೂರು ದಂಡಿಯ ಪಕ್ಕದಲ್ಲಿ ಇರುತ್ತವೆ. ಇವುಗಳ ಕೆಳಗೆ ಮೆಟ್ಟಿಲುಗಳಿಲ್ಲ. ಷಡ್ಜ, ಪಂಚಮ, ಮೇಲಿನ ಷಡ್ಜಗಳನ್ನು ನುಡಿಯುವ ಇವನ್ನು ಬಲಗೈಯ ಕಿರುಬೆರಳಿನಿಂದ ಮೀಟಿ ವೈಣಿಕನು ತಾಳವನ್ನು ತೋರಿಸುತ್ತಾನೆ. ಹೀಗೆ ಒಬ್ಬನೇ ವಾದಕನು ಬಲಗೈಯ ತೋರುಬೆರಳು, ನಡುಬೆರಳುಗಳಿಂದ ರಾಗವನ್ನೂ, ಕಿರುಬೆರಳಿನಿಂದ ತಾಳವನ್ನೂ ಏಕಕಾಲದಲ್ಲಿ ನಡೆಸುತ್ತಾನೆ.

ಇನ್ನು ಮೆಟ್ಟಿಲುಗಳು. ಇವು ಹಿತ್ತಾಳೆಯ ಚಿಕ್ಕ ಪಟ್ಟಿಗಳು. ದಂಡಿಯ ಎರಡು ಅಂಚುಗಳಲ್ಲಿ ಮೇಣದ ಕಟ್ಟೆಯನ್ನು ಕಟ್ಟಿ, ಅದರ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕೂರಿಸುತ್ತಾರೆ. ಜೇನುಮೇಣಕ್ಕೆ ಇದ್ದಿಲಿನ ಪುಡಿ ಮುಂತಾದುವನ್ನು ಬೆರೆಸಿದ ಈ ಕಪ್ಪು ಮೇಣವು ಬಿಸಿಯಿದ್ದಾಗ ಮೆತ್ತಗಿದ್ದು, ಆರಿದ ಮೇಲೆ ಗಟ್ಟಿಯಾಗುತ್ತದೆ. ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನಗಳು. ಎರಡು ಸ್ಥಾಯಿಗಳಿಗೆ ಇಪ್ಪತ್ತನಾಲ್ಕು. ಆದುದರಿಂದಲೇ ಈ ಸಂಖ್ಯೆ. ನಾಲ್ಕು ತಂತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ವೀಣೆಯಲ್ಲಿ ಸುಮಾರು ಮೂರೂವರೆ ಸ್ಥಾಯಿಗಳ ಸಂಚಾರ ಸಾಧ್ಯವಾಗುತ್ತದೆ.

ನಿಮ್ಮ ವಿಜ್ಞಾನದ ಪಾಠದಲ್ಲಿ ಕಂಪಿಸುವ ತಂತಿಯ ನಿಯಮವನ್ನು ಓದಿರಬಹುದು. ಬಿಗಿತ ಬದಲಾಗದಿರುವಾಗ ತಂತಿಯ ಉದ್ದ ಅರ್ಧವಾದರೆ ಅದರ ಕಂಪನಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಇದನ್ನು ವೀಣೆಯ ಮೇಲೆ ಕಣ್ಣಾರೆ ಕಾಣಬಹುದು. ಹನ್ನೆರಡನೆಯ ಮೆಟ್ಟಿಲು ತಂತಿಯನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಅಲ್ಲಿ ಮೇಲಿನ ಷಡ್ಜ ನುಡಿಯುತ್ತದೆ. ಏಳನೆಯ ಮೆಟ್ಟಿಲನ್ನು ಒತ್ತಿದರೆ ತಂತಿಯ ಮೂರರಲ್ಲಿ ಎರಡು ಪಾಲು ಮಾತ್ರ ಕಂಪಿಸುತ್ತದೆ; ಅಲ್ಲಿ ಪಂಚಮ ನುಡಿಯುತ್ತದೆ. ಮೇಲಕ್ಕೆ ಹೋದಂತೆಲ್ಲ ಮೆಟ್ಟಿಲುಗಳ ನಡುವಣ ಅಂತರ ಕಿರಿದಾಗುತ್ತ ಬರುವುದಕ್ಕೆ ಈ ನಿಯಮವೇ ಕಾರಣ. ಆದರೆ ಯಜಮಾನರ ಕೈಯಲ್ಲಿ ಅಳತೆಗೋಲು ಇರಲಿಲ್ಲ. ಅವರು ಒಂದೊಂದು ಮೆಟ್ಟಿಲನ್ನೂ ಮೆತ್ತಗಿನ ಮೇಣದ ಮೇಲಿಟ್ಟು, ತಂತಿಯನ್ನು ಮೀಟಿ, ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಿ, ಮತ್ತೆ ಮೀಟಿ ನೋಡುತ್ತಿದ್ದರು. ಈ ಕೆಲಸಕ್ಕೆ ‘ಮೇಳ ಕಟ್ಟುವುದು’ ಎಂದು ಹೆಸರು. ವಿಜ್ಞಾನಿಯು ಸೂತ್ರದಿಂದ ಮುಟ್ಟುವ ಜಾಗವನ್ನು ಅವರು ಕಿವಿಯಿಂದ ಮುಟ್ಟುತ್ತಿದ್ದರು.

ತಂತಿಗಳು ಕೊಡದ ಮೇಲಿನ ‘ಕುದುರೆ’ಯನ್ನು ಹಾದುಹೋಗುತ್ತವೆ. ಇದು ಮರದ್ದು, ಇದರ ನೆತ್ತಿಯ ಮೇಲೆ ತುಸು ಉಬ್ಬಿದ ಲೋಹದ ತಗಡು ಇರುತ್ತದೆ. ತಂತಿ ಕಂಪಿಸುವಾಗ ಈ ಉಬ್ಬನ್ನು ಸವರಿಕೊಂಡು ಹೋಗುವುದರಿಂದ ವೀಣೆಯ ನಾದಕ್ಕೆ ವಿಶೇಷವಾದ ತುಂಬು ಬರುತ್ತದೆ. ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ ವೀಣೆ ಮತ್ತು ತಂಬೂರಿಗಳ ಈ ಕುದುರೆಯನ್ನು ಕುರಿತು ಸಂಶೋಧನೆ ನಡೆಸಿ, 1921ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ತಂತಿಯನ್ನು ಮೀಟುವ ಸ್ಥಳವನ್ನು ಅನುಸರಿಸಿ ಕೆಲವು ಉಪಸ್ವರಗಳು ಕೇಳಿಸಬಾರದೆಂಬುದು ಆಗ ಒಪ್ಪಿದ್ದ ನಿಯಮ. ಆದರೆ ವೀಣೆಯಲ್ಲಿ ಅವೂ ಕೇಳಿಸುತ್ತವೆ. ಅದಕ್ಕೆ ಕುದುರೆಯ ಆಕಾರವೇ ಕಾರಣವೆಂದು ಅವರು ತೋರಿಸಿದರು. ಹೆಸರಿಲ್ಲದ ಎಷ್ಟೋ ಕುಶಲಕರ್ಮಿಗಳು ತಲೆಮಾರುಗಳಿಂದ ಕೈಯಲ್ಲಿ ಉಳಿಸಿಕೊಂಡು ಬಂದಿದ್ದ ಅರಿವಿಗೆ ಅದು ವಿಜ್ಞಾನವು ಸಲ್ಲಿಸಿದ ಗೌರವವೆಂದೇ ನಾನು ಭಾವಿಸುತ್ತೇನೆ.

ವೀಣೆ ಎಂಬ ಮಾತು ಬಹು ಹಳೆಯದು. ಆದರೆ ಪ್ರಾಚೀನ ಕಾಲದಲ್ಲಿ ಆ ಹೆಸರಿನಿಂದ ಕರೆಯುತ್ತಿದ್ದ ವಾದ್ಯ ಇಂದಿನ ವೀಣೆಯಲ್ಲ. ತಂತಿವಾದ್ಯಗಳೆಲ್ಲಕ್ಕೂ ಅಂದು ವೀಣೆಯೆಂದೇ ಹೆಸರಿತ್ತು. ನಾಲ್ಕನೆಯ ಶತಮಾನದ ಸಮುದ್ರಗುಪ್ತನ ಚಿನ್ನದ ನಾಣ್ಯವೊಂದರಲ್ಲಿ ದೊರೆಯು ವೀಣೆ ನುಡಿಸುತ್ತಿರುವ ಚಿತ್ರವಿದೆ. ಆ ವೀಣೆ ಬಾಗಿದ ಬಿಲ್ಲಿನಂತಿದೆ. ಹೊಯ್ಸಳರ ಕಾಲದ ಶಿಲ್ಪಗಳಲ್ಲಿ ಕೋಲಿಗೆ ಬುರುಡೆಗಳನ್ನು ಕಟ್ಟಿದ ವೀಣೆಗಳನ್ನು ಕಾಣುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ದೇಹವನ್ನೇ ಇಂಥ ಒಂದು ವಾದ್ಯವಾಗಿಸಿ ನುಡಿಸೆಂದು ವಚನವೊಂದರಲ್ಲಿ ಕೂಡಲಸಂಗಮದೇವನನ್ನು ಬೇಡಿದ್ದಾರೆ. ನಾಡಿನ ಜನಕ್ಕೆ ಈ ವಾದ್ಯ ಎಷ್ಟು ಹತ್ತಿರದ್ದಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ವಿಜಯನಗರದ ಕಾಲದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ, ವೀಣೆಯ ಮೆಟ್ಟಿಲುಗಳ ಮೇಲೆ ಸ್ವರಗಳನ್ನು ಹೇಗೆ ನೆಲೆಗೊಳಿಸಬೇಕೆಂಬ ವಿವರವಾದ ವಿಚಾರವಿದೆ. ಮುಂದೆ, 1600ರಿಂದ 1634ರವರೆಗೆ ತಂಜಾವೂರನ್ನು ಆಳಿದ ರಘುನಾಥ ನಾಯಕನ ಕಾಲದಲ್ಲಿ ವೀಣೆಗೆ ಇಪ್ಪತ್ತನಾಲ್ಕು ಸ್ಥಿರವಾದ ಮೆಟ್ಟಿಲುಗಳ ಇಂದಿನ ರೂಪ ಬಂದಿತೆಂದು ಪರಂಪರೆ ಹೇಳುತ್ತದೆ. ಅವನ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮೂಲದವರು. ಅವರ ಮಗ ವೆಂಕಟಮಖಿಯು ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ಎಪ್ಪತ್ತೆರಡು ಮೇಳಗಳ ಪದ್ಧತಿಯನ್ನು ನಿರೂಪಿಸಿದನು. ಸ್ವರಸ್ಥಾನಗಳೆಲ್ಲವೂ ಕಣ್ಣೆದುರಿಗೆ ಸಾಲಾಗಿ ನಿಂತಿರುವ ವೀಣೆಯೇ ಇಂಥ ಶಾಸ್ತ್ರಚಿಂತನೆಗೆ ತಳಹದಿಯಾಯಿತು.

ಮೈಸೂರು ವೀಣೆಯ ತವರೆಂದು ಹೆಸರಾದ ಊರು. ಅಲ್ಲಿನ ವೈಣಿಕರಲ್ಲಿ ಅಗ್ರಗಣ್ಯರು ವೀಣೆ ಶೇಷಣ್ಣನವರು (1852–1926). ಅವರಿಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ಮೈಸೂರಿನ ಸಂಗೀತಪ್ರಿಯರು ಹೇಳುತ್ತಾರೆ. ಅವರ ವಿದ್ವತ್ತಿಗೆ ಮೆಚ್ಚಿದ ಅರಸರು ಅವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡಲು ಬಯಸಿದರಂತೆ. ಶೇಷಣ್ಣನವರು ಪಲ್ಲಕ್ಕಿಯಲ್ಲಿ ವೀಣೆಯನ್ನಿಟ್ಟು, ತಾವು ಅದರ ಪಕ್ಕದಲ್ಲಿ ಕಾಲ್ನಡಿಗೆಯಲ್ಲಿಯೇ ನಡೆದರಂತೆ. ಗೌರವವು ತಮ್ಮದಲ್ಲ, ವಿದ್ಯೆಯದು ಎಂಬ ವಿನಯ ಇದರಲ್ಲಿ ಕಾಣುತ್ತದೆ. ಅವರ ಶಿಷ್ಯರಾದ ವೀಣೆ ವೆಂಕಟಗಿರಿಯಪ್ಪನವರು, ವೆಂಕಟಗಿರಿಯಪ್ಪನವರ ಶಿಷ್ಯರಾದ ವಿ. ದೊರೆಸ್ವಾಮಿ ಅಯ್ಯಂಗಾರ್ ಅವರು (1920–1997) ಈ ಪರಂಪರೆಯನ್ನು ಬೆಳಗಿದರು. ಹಾಸನ ಜಿಲ್ಲೆಯ ಗಡ್ಡವಳ್ಳಿಯಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರ್ ಅವರ ವಾದನ ಆಕಾಶವಾಣಿಯ ಮೂಲಕ ನಾಡಿನ ಮನೆಮನೆಗೂ ತಲುಪಿತು. 1983ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಮದರಾಸಿನಲ್ಲಿ ವೀಣಾ ಧನಮ್ಮಾಳ್ (1867–1938) ಅವರು ಶುಕ್ರವಾರದ ಸಂಜೆ ತಮ್ಮ ಮನೆಯಲ್ಲಿಯೇ ನುಡಿಸುತ್ತಿದ್ದರು. ದೊಡ್ಡ ದೊಡ್ಡ ವಿದ್ವಾಂಸರು ಆ ಚಿಕ್ಕ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕುಳಿತು ಕೇಳುತ್ತಿದ್ದರು.

ತಂಜಾವೂರಿನ ಬಾನಿಗೂ ಮೈಸೂರಿನ ಬಾನಿಗೂ ವ್ಯತ್ಯಾಸವುಂಟು. ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು, ಒಂದೇ ಮೀಟಿನಲ್ಲಿ ಹಲವು ಸ್ವರಗಳನ್ನು ಕೊರಳಿನಲ್ಲಿ ಹಾಡಿದಂತೆ ನುಡಿಸುವುದು ತಂಜಾವೂರಿನ ಹಿರಿಮೆ. ಎಡಗೈಯ ಬೆರಳುಗಳನ್ನು ಬಿಡಿಸಿ ಬಳಸಿ, ಸ್ವಚ್ಛವಾದ ಮೀಟುಗಳಿಂದ ಸ್ವರಗಳನ್ನು ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ ಕೇಳಿಸುವುದು ಮೈಸೂರಿನ ಹಿರಿಮೆ. ಎರಡೂ ಚೆಲುವೇ.

ಇವರೆಲ್ಲರ ಹೆಸರುಗಳನ್ನು ನಾನು ಉತ್ಸಾಹದಿಂದ ಹೇಳುತ್ತಿದ್ದಾಗ ಯಜಮಾನರು ಮೌನವಾಗಿ ಕೆಲಸ ಮಾಡುತ್ತಿದ್ದರು. ಕೊನೆಗೆ ತಲೆಯೆತ್ತಿ, “ಮೇಷ್ಟ್ರೇ, ನೀವು ನುಡಿಸಿದವರ ಹೆಸರುಗಳನ್ನು ಹೇಳಿದಿರಿ. ಆ ವೀಣೆಗಳನ್ನು ಮಾಡಿದವರ ಹೆಸರು ಒಂದಾದರೂ ಗೊತ್ತೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರ ಮಾತಿನಲ್ಲಿ ಕೋಪವಿರಲಿಲ್ಲ. “ನನ್ನ ಕೈಯಿಂದ ಎಷ್ಟೋ ವೀಣೆಗಳು ಹೊರಟುಹೋಗಿವೆ. ಮಾಡುವಾಗ ಮೀಟಿ ನೋಡುತ್ತೇವೆಯೇ ಹೊರತು, ನಮ್ಮ ಮನೆಯಲ್ಲಿ ಕುಳಿತು ಕಲಿತವರು ಒಬ್ಬರೂ ಇಲ್ಲ. ಮಗ ಈ ಕೆಲಸ ಸಾಕೆಂದು ಕಾರ್ಖಾನೆಗೆ ಸೇರಿದ. ತಪ್ಪೆನ್ನಲಾರೆ; ಇದರಲ್ಲಿ ಹೊಟ್ಟೆ ತುಂಬಬೇಕಲ್ಲ” ಎಂದರು. ಸ್ವಲ್ಪ ತಡೆದು, “ಇದನ್ನು ಸರಿಮಾಡಿಕೊಡುತ್ತೇನೆ. ಆದರೆ ನಿಮ್ಮ ಮನೆಯಲ್ಲಿ ನುಡಿಸುವವರು ಯಾರು?” ಎಂದು ಕೇಳಿದರು. ಆ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ಅಟ್ಟದಿಂದ ಇಳಿದ ವೀಣೆ ಗಾಜಿನ ಬೀರುವನ್ನು ಸೇರುವುದರಲ್ಲಿತ್ತು.

ನಾವು ಮಾತನಾಡುತ್ತಿದ್ದಾಗ ಯಜಮಾನರ ಮೊಮ್ಮಗಳು ಶಾಲೆಯಿಂದ ಬಂದು, ಚೀಲವನ್ನಿಟ್ಟು, ತಾತನ ಪಕ್ಕದಲ್ಲಿ ಕುಳಿತಳು. ಏಳನೆಯ ತರಗತಿಯ ಹುಡುಗಿ. ತಾತ ಒಂದೊಂದೇ ಮೆಟ್ಟಿಲನ್ನು ಪರೀಕ್ಷಿಸುತ್ತ ಒಂಬತ್ತನೆಯದನ್ನು ದಾಟಿದಾಗ ಅವಳು, “ತಾತ, ಅದು ಒಂದೆಳೆ ಮೇಲಾಯಿತು” ಎಂದಳು. ಯಜಮಾನರು ಹಿಂದಿರುಗಿ ಮತ್ತೆ ಮೀಟಿದರು. ನನ್ನ ಕಿವಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅವರು ಮೆಟ್ಟಿಲನ್ನು ಕಾಣದಷ್ಟು ಸರಿಸಿ ಮೀಟಿದಾಗ ಮಾತ್ರ ಧೈವತವು ತಂಬೂರಿಯ ಶ್ರುತಿಯಲ್ಲಿ ಸಕ್ಕರೆಯಂತೆ ಕರಗಿದ್ದು ನನಗೂ ತಿಳಿಯಿತು. ಎಂಟು ದಿನಕ್ಕೇ ಓಡಿಹೋದ ಹುಡುಗನ ಮನೆಯಲ್ಲಿ ವೀಣೆಯಿತ್ತು. ಇಂಥ ಕಿವಿಯುಳ್ಳ ಈ ಹುಡುಗಿ ಮಾತ್ರ ಬೇರೆಯವರ ವೀಣೆಗಳನ್ನು ಕೇಳುತ್ತ ಕುಳಿತಿದ್ದಳು.

ವೀಣೆ ಸಿದ್ಧವಾದ ದಿನ ನಾನು ಅದನ್ನು ಮನೆಗೆ ತರಲಿಲ್ಲ. “ಇದು ಇಲ್ಲಿಯೇ ಇರಲಿ, ಯಜಮಾನರೇ. ಮಗು ಕಲಿಯಲಿ” ಎಂದೆ. ಅವರು ಒಪ್ಪಲಿಲ್ಲ. ಹಿರಿಯರ ವಸ್ತುವನ್ನು ಹಾಗೆ ಕೊಡಬಾರದು, ತಾವು ಪುಕ್ಕಟೆಯಾಗಿ ತೆಗೆದುಕೊಳ್ಳುವವರಲ್ಲ ಎಂದರು. ಬಹಳ ಹೊತ್ತು ವಾದವಾಯಿತು. ಕೊನೆಗೆ ಅವರು ದುರಸ್ತಿಯ ಕೂಲಿಯನ್ನು ಬಿಟ್ಟುಕೊಟ್ಟರು. ನಾನು ವೀಣೆಯನ್ನು ಬಿಟ್ಟುಕೊಟ್ಟೆ. ದಾರಿಯುದ್ದಕ್ಕೂ ಬರಿಗೈಯಲ್ಲಿ ಬರುವಾಗ ಅತ್ತೆಯ ನೆನಪಾಗಿ ಮನಸ್ಸು ಭಾರವಾಯಿತೆಂಬುದನ್ನು ಮುಚ್ಚಿಡಲಾರೆ. ಅವರ ಗವುಸೊಂದು ಮಾತ್ರ ನನ್ನ ಬಳಿ ಉಳಿಯಿತು.

ಈಗ ಆ ಹುಡುಗಿ ಭಾನುವಾರಗಳಂದು ಆ ಊರಿನ ವೀಣೆಯ ಉಪಾಧ್ಯಾಯಿನಿಯೊಬ್ಬರಲ್ಲಿ ಕಲಿಯುತ್ತಿದ್ದಾಳೆ. ಸರಳೆ ವರಸೆ, ಜಂಟಿ ವರಸೆಗಳು ಮುಗಿದು ಅಲಂಕಾರಗಳು ನಡೆಯುತ್ತಿವೆ. ಕಳೆದ ಬಾರಿ ನಾನು ಹೋದಾಗ ನುಡಿಸಿ ತೋರಿಸಿದಳು. ನಡುವೆ ಸಾರಣಿಯ ತಂತಿ ಕಿತ್ತುಹೋಯಿತು. ಅವಳು ಗಾಬರಿಪಡಲಿಲ್ಲ. ತಾತನ ಪೆಟ್ಟಿಗೆಯಿಂದ ಹೊಸ ತಂತಿಯನ್ನು ತೆಗೆದು, ಬಿರಡೆಗೆ ಸುತ್ತಿ, ಶ್ರುತಿ ಸೇರಿಸಿ, ಬಿಟ್ಟ ಜಾಗದಿಂದಲೇ ಮುಂದುವರಿಸಿದಳು. ಅವಳ ಎಡಗೈಯ ಬೆರಳ ತುದಿಗಳಲ್ಲಿ ಗೆರೆಗಳು ಮೂಡಿದ್ದವು. “ನೋಯುತ್ತದೆಯೇ ಮಗು?” ಎಂದು ಕೇಳಿದೆ. “ಮೊದಲು ನೋಯುತ್ತಿತ್ತು, ಈಗ ಇಲ್ಲ ಮೇಷ್ಟ್ರೇ” ಎಂದಳು.

ವೀಣೆ ಉಳಿಯುವುದು ಮರದಿಂದಲ್ಲ, ಬೆರಳುಗಳಿಂದ. ಅದನ್ನು ಮಾಡುವ ಬೆರಳು, ನುಡಿಸುವ ಬೆರಳು, ಎರಡೂ ಬೇಕು. ಸುಮ್ಮನಿದ್ದು ಕೇಳುವ ಕಿವಿಗಳು ಬೇಕೇ ಬೇಕು. ಅವು ನಿಮ್ಮಲ್ಲಿ ಎಲ್ಲರಿಗೂ ಇವೆ.

ಶಬ್ದಾರ್ಥ

ಬಿರಡೆ – ತಂತಿಯನ್ನು ಬಿಗಿಮಾಡುವ ಮರದ ಗೂಟ
ಯಾಳಿ – ಸಿಂಹದಂಥ ಮುಖವುಳ್ಳ ಕಾಲ್ಪನಿಕ ಪ್ರಾಣಿ
ವೈಣಿಕ – ವೀಣೆಯನ್ನು ನುಡಿಸುವವನು
ಸ್ಥಾಯಿ – ಷಡ್ಜದಿಂದ ಮೇಲಿನ ಷಡ್ಜದವರೆಗಿನ ಸ್ವರಗಳ ವ್ಯಾಪ್ತಿ
ಬಾನಿ – ನುಡಿಸುವ ಅಥವಾ ಹಾಡುವ ವಿಶಿಷ್ಟ ಶೈಲಿ
ಅಗ್ರಗಣ್ಯ – ಮೊದಲು ಎಣಿಸತಕ್ಕವನು, ಶ್ರೇಷ್ಠ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಏಕಾಂಡ ವೀಣೆ’ ಎಂದರೇನು?
2. ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲುಗಳಿರಲು ಕಾರಣವೇನು?
3. ಸಿ. ವಿ. ರಾಮನ್ ಅವರು ವೀಣೆಯ ಯಾವ ಭಾಗವನ್ನು ಕುರಿತು ಸಂಶೋಧನೆ ನಡೆಸಿದರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮೇಳ ಕಟ್ಟುವ ಕೆಲಸವನ್ನು ವರ್ಣಿಸಿರಿ.
2. ತಂಜಾವೂರು ಮತ್ತು ಮೈಸೂರು ಬಾನಿಗಳಿಗಿರುವ ವ್ಯತ್ಯಾಸವೇನು?
3. ಶೇಷಣ್ಣನವರ ಪಲ್ಲಕ್ಕಿಯ ಪ್ರಸಂಗದಿಂದ ನೀವು ಏನನ್ನು ತಿಳಿಯುವಿರಿ?

ಇ) ಸಂದರ್ಭ ಸಹಿತ ವಿವರಿಸಿರಿ.
1. “ಆ ವೀಣೆಗಳನ್ನು ಮಾಡಿದವರ ಹೆಸರು ಒಂದಾದರೂ ಗೊತ್ತೆ?”
2. “ತಾತ, ಅದು ಒಂದೆಳೆ ಮೇಲಾಯಿತು.”

ಈ) ನಿಮ್ಮ ಊರಿನಲ್ಲಿ ಕೈಕಸುಬನ್ನು ನಡೆಸುತ್ತಿರುವ ಹಿರಿಯರೊಬ್ಬರನ್ನು ಭೇಟಿಮಾಡಿ, ಅವರ ಕೆಲಸವನ್ನು ಕುರಿತು ಒಂದು ಪುಟದ ಪ್ರಬಂಧವನ್ನು ಬರೆಯಿರಿ.